ಮೋಟರ್‌ಹೋಮ್‌ನಲ್ಲಿ ರಸ್ತೆಬದಿ ರಾತ್ರಿ ತಂಗುವುದು ಹೇಗೆ?

ಮೋಟರ್‌ಹೋಮ್ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಗಾಡಿ) ಓಡಿಸುವವರು ರಸ್ತೆಬದಿಯಲ್ಲಿ ರಾತ್ರಿ ಕಳೆಯಲು ಹೋಗಿ ಎಡವುವುದು ಹೆಚ್ಚಾಗಿ ಎರಡು ಕಡೆ. ಕತ್ತಲಾದ ಮೇಲೆ ಜಾಗ ಹುಡುಕುತ್ತಾರೆ, ಜಾಗ ಸಿಕ್ಕ ಮೇಲೆ ಕುರ್ಚಿ ಮೇಜು ಹೊರಗೆ ಹಾಕುತ್ತಾರೆ. ಮೊದಲನೆಯದರಿಂದ ಚಕ್ರ ಹೂತುಹೋಗುತ್ತದೆ, ಎರಡನೆಯದರಿಂದ ದಂಡ ಬೀಳುತ್ತದೆ.

ನಿಲುಗಡೆಯೋ, ಬಿಡಾರವೋ?

ಹೊರಡುವ ಮೊದಲೇ ಆ ಊರಿನ ನಿಯಮ ನೋಡಿಕೊಳ್ಳಿ. ಜರ್ಮನಿಯಲ್ಲಿ ಚಾಲಕ ದಣಿವಾರಿಸಿಕೊಂಡು ಮತ್ತೆ ಗಾಡಿ ಓಡಿಸುವಷ್ಟು ಚೇತರಿಸಿಕೊಳ್ಳಲು, ನಿಷೇಧದ ಫಲಕವಿಲ್ಲದ ಕಡೆ ಒಂದು ರಾತ್ರಿ ಗಾಡಿಯಲ್ಲೇ ಮಲಗಬಹುದು; ಅಲ್ಲೇ ಬಿಡಾರ ಹೂಡುವಂತಿಲ್ಲ. ಸ್ವೀಡನ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಬಯಲಿನಲ್ಲಿ ಎಲ್ಲರಿಗೂ ಓಡಾಡುವ ಹಕ್ಕಿದೆ ಎಂದು ಕೇಳಿ ಹುಲ್ಲುಗಾವಲಿಗೆ ಗಾಡಿ ನುಗ್ಗಿಸುವವರಿದ್ದಾರೆ. ಆ ಹಕ್ಕು ನಡೆದು ಹೋಗುವವರದು, ಮೋಟಾರು ವಾಹನದ್ದಲ್ಲ.

ಬಹಳ ಕಡೆ ಲೆಕ್ಕ ಒಂದೇ: ನಾಲ್ಕು ಚಕ್ರ ಬಿಟ್ಟು ಗಾಡಿಯಿಂದ ಇನ್ನೇನು ಹೊರಗೆ ಬಂದರೂ ಅದು ಬಿಡಾರ. ಮಡಿಸುವ ಚಪ್ಪರ, ಕುರ್ಚಿ, ಒಲೆ, ಬಟ್ಟೆ ಒಣಹಾಕುವ ಹಗ್ಗ, ಮೂಲೆಗಳಿಗೆ ಊರುವ ಕಾಲು, ಚಕ್ರದಡಿಯ ರ‍್ಯಾಂಪ್ ಎಲ್ಲವೂ ಇದರಲ್ಲಿ ಬರುತ್ತವೆ.

ಜಾಗದ ಆಯ್ಕೆ

ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲು ತಲುಪಿ. ಹಗಲಿಡೀ ಅಲ್ಲೇ ಠಿಕಾಣಿ ಹೂಡುವುದು ಬೇಡ, ಕತ್ತಲಲ್ಲಿ ಬರುವುದೂ ಬೇಡ. ನೆಲ, ಕೊಂಬೆ, ಫಲಕ, ಚರಂಡಿ ಇವೆಲ್ಲ ಕಣ್ಣಿಗೆ ಕಾಣಬೇಕು. ಮನೆಗಳ ಎದುರು, ಹೊಲದ ಗೇಟಿನ ಮುಂದೆ, ತಿರುವಿನಲ್ಲಿ ನಿಲ್ಲಿಸಬೇಡಿ. ಬ್ರಿಟನ್ನಿನ ರಸ್ತೆ ಸಂಹಿತೆ ಕೂಡುರಸ್ತೆಯಿಂದ 10 ಮೀಟರ್ ದೂರವಿರಿ ಎನ್ನುತ್ತದೆ, ರಾತ್ರಿ ಸಂಚಾರಕ್ಕೆ ಎದುರುಮುಖವಾಗಿ ನಿಲ್ಲಿಸಬಾರದು ಎನ್ನುತ್ತದೆ. ಎದುರಿನಿಂದ ಬರುವ ಚಾಲಕನಿಗೆ ನಿಮ್ಮ ಗಾಡಿಯ ಹಿಂಬದಿಯ ಕೆಂಪು ಪ್ರತಿಫಲಕ ಕಾಣದೆ ಹೋಗುವುದೇ ಇದಕ್ಕೆ ಕಾರಣ. ಆದ್ದರಿಂದ ಎಲ್ಲಿದ್ದರೂ ಇದನ್ನು ಪಾಲಿಸಿ.

ಲಾರಿಗಳಿಗೆಂದು ಗುರುತು ಮಾಡಿದ ಜಾಗವನ್ನು ಖಾಲಿ ಇದ್ದರೂ ಮುಟ್ಟಬೇಡಿ. ಯುರೋಪಿನ ಲಾರಿ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು, ದಿನದ ವಿಶ್ರಾಂತಿಯನ್ನೂ ತೆಗೆದುಕೊಳ್ಳಲೇಬೇಕು. ಮೀರಿದರೆ ಗಾಡಿಯಲ್ಲಿರುವ, ಓಡಿಸಿದ ಹೊತ್ತು ಗುರುತಿಸಿಡುವ ಟ್ಯಾಕೋಗ್ರಾಫ್‌ನಲ್ಲಿ ದಾಖಲಾಗುತ್ತದೆ. ನೀವು ಇನ್ನೂ ಹತ್ತು ಕಿಲೋಮೀಟರ್ ಮುಂದೆ ಹೋಗಬಹುದು, ಅವರಿಗೆ ಆ ಅವಕಾಶವಿಲ್ಲ. ನಿಮ್ಮ ನಿದ್ದೆಗೂ ಇದೇ ಒಳ್ಳೆಯದು: ಶೀತಲೀಕೃತ ಲಾರಿಯ ಕಂಪ್ರೆಸರ್ ರಾತ್ರಿಯಿಡೀ ಬಿಟ್ಟುಬಿಟ್ಟು ಗುಡುಗುತ್ತದೆ.

ನೆಲದ ಪರೀಕ್ಷೆ

ಅತಿ ಹೆಚ್ಚು ಜನ ಕೆಡುವುದು ಇಲ್ಲಿಯೇ. ಮೇಲೆ ಹುಲ್ಲಿದೆ, ಗಟ್ಟಿ ಕಾಣುತ್ತದೆ ಎಂದು ಡಾಂಬರು ಬಿಟ್ಟು ಪೂರ್ತಿ ಕೆಳಗಿಳಿಸುತ್ತಾರೆ. 3,500 ಕಿಲೋ ತೂಗುವ ಗಾಡಿಯ ಒಂದೊಂದು ಚಕ್ರದ ಮೇಲೂ ಸರಾಸರಿ 875 ಕಿಲೋ ಕೂತಿರುತ್ತದೆ. ಸಾಮಾನು ತುಂಬಿದ ಹಿಂಬದಿಯಲ್ಲಿ ಭಾರ ಇನ್ನೂ ಹೆಚ್ಚು. ಬಹಳಷ್ಟು ಮೋಟರ್‌ಹೋಮ್‌ಗಳನ್ನು ಎಳೆಯುವುದು ಮುಂದಿನ ಚಕ್ರ. ಭಾರ ಹಿಂದೆ, ಎಳೆತ ಮುಂದೆ. ರಾತ್ರಿ ಒಂದು ಮಳೆ ಬಂದರೆ ಬೆಳಿಗ್ಗೆ ಮುಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ.

ಗಾಡಿ ಇಳಿಸುವ ಮೊದಲು ಇಳಿದು ನಡೆಯಿರಿ. ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಹಿಮ್ಮಡಿ ಊರಿ ತಿರುಚಿ. ಹಿಮ್ಮಡಿಯ ಗುಣಿ ಬಿದ್ದರೆ, ಗುಣಿಯ ಅಂಚಿನಲ್ಲಿ ನೀರು ಜಿನುಗಿದರೆ ಅಲ್ಲಿ ಬೇಡ. ಬೇರೆ ದಾರಿಯಿಲ್ಲದಿದ್ದರೆ ಎಳೆಯುವ ಚಕ್ರಗಳನ್ನಾದರೂ ಗಟ್ಟಿ ನೆಲದ ಮೇಲೆ ಉಳಿಸಿಕೊಳ್ಳಿ. ಹೂತ ಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಎಳೆಯುವ ಚಕ್ರದ ಮುಂದಿನ ಮಣ್ಣು ಕೆರೆದು, ಹಲಗೆ ಅಥವಾ ಹಳೆಯ ರಬ್ಬರ್ ಮ್ಯಾಟ್ ತುರುಕಿ, ಎರಡನೇ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಹಿಂದೆ ಯಾರೂ ನಿಂತಿರಬಾರದು. ಹಲಗೆ ಸಿಡಿದು ಹಿಂದಕ್ಕೆ ಹಾರುತ್ತದೆ. ಪೆಟ್ಟಿಗೆಯಲ್ಲಿ ಸುತ್ತಿಟ್ಟು ಮಾರುವ ತೆಳು ಪ್ಲಾಸ್ಟಿಕ್ ಪಟ್ಟಿಗಳು ಇಷ್ಟು ಭಾರಕ್ಕೆ ಬಗ್ಗಿ ಮಣ್ಣಿನೊಳಗೇ ಹೋಗುತ್ತವೆ. ಅವಕ್ಕೆ ದುಡ್ಡು ಹಾಕಬೇಡಿ.

ಮಟ್ಟಸ

ಮಳೆನೀರು ಹರಿಯಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರಾಗಿ ಕಟ್ಟಿರುತ್ತಾರೆ. ನಲವತ್ತಕ್ಕೆ ಒಂದರಷ್ಟು ಇಳಿಜಾರಿದ್ದರೆ, ಎರಡು ಮೀಟರ್ ಅಗಲದಲ್ಲಿ ಒಂದು ಬದಿ ಐದು ಸೆಂಟಿಮೀಟರ್ ತಗ್ಗಿರುತ್ತದೆ. ಬಾಣಲೆಗೆ ಬೆರಳ ದಪ್ಪ ನೀರು ಹಾಕಿ ಒಲೆಯ ಮೇಲಿಡಿ. ನೀರು ಯಾವ ಅಂಚಿಗೆ ಸರಿಯುತ್ತದೋ ಅದೇ ತಗ್ಗು. ನಿದ್ದೆಗೆ ಸ್ವಲ್ಪ ವಾಲಿದರೂ ನಡೆದೀತು, ತಲೆ ಎತ್ತರದ ಕಡೆಗಿರಲಿ ಅಷ್ಟೆ. ಗ್ಯಾಸ್‌ನಲ್ಲಿ ಓಡುವ ಫ್ರಿಜ್‌ಗೆ ಮಾತ್ರ ನಡೆಯದು. ಅದರೊಳಗಿನ ಅಮೋನಿಯಾ ದ್ರಾವಣ ಮೋಟಾರಿನ ಪಂಪಿಲ್ಲದೆ, ಬರೀ ಶಾಖ ಮತ್ತು ಇಳಿಜಾರಿನ ಬಲದಲ್ಲಿ ಹರಿಯುವುದು. ಗಾಡಿ ಮೂರು ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ದ್ರಾವಣ ಒಂದೇ ಕಡೆ ನಿಂತು ತಂಪು ಕಡಿಮೆಯಾಗುತ್ತದೆ, ಹೀಗೇ ಬಿಟ್ಟರೆ ಫ್ರಿಜ್ ಹಾಳಾಗುತ್ತದೆ. ಕಂಪ್ರೆಸರ್ ಫ್ರಿಜ್‌ಗೆ ಈ ತಾಪತ್ರಯವಿಲ್ಲ. ರ‍್ಯಾಂಪ್ ತೆಗೆಯುವ ಬದಲು ಗಾಡಿಯನ್ನೇ ಒಂದೆರಡು ಮೀಟರ್ ಹಿಂದೆ ಮುಂದೆ ಸರಿಸಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಇಳಿಜಾರಿದ್ದರೆ ಮುಂದಿನ ಚಕ್ರಗಳನ್ನು ರಸ್ತೆಯಂಚಿನ ಕಡೆ ತಿರುಗಿಸಿ. ಗಾಡಿಯ ಮುಖ ಹೊರಹೋಗುವ ದಾರಿಗಿರಲಿ.

ರಾತ್ರಿ

ಚಾಲಕನ ಸೀಟು ಮುಂದಕ್ಕೆ ತಿರುಗಿರಲಿ, ಅದರ ಮೇಲೆ ಸಾಮಾನು ಬೇಡ, ಬೀಗದ ಕೈ ನಿಶ್ಚಿತ ಜಾಗದಲ್ಲಿರಲಿ. ಗಾಜು ಮರೆಮಾಡುವ ಪರದೆ ಒಳಗಿನದೇ ಆಗಬೇಕು. ಹೊರಗಿನಿಂದ ಹೊದಿಸುವುದು ಚಳಿ ಚೆನ್ನಾಗಿ ತಡೆಯುತ್ತದೆ, ಆದರೆ ಯಾರೋ ಬಾಗಿಲು ಬಡಿದಾಗ ಅದನ್ನು ತೆಗೆಯಲು ನೀವು ಕೆಳಗಿಳಿಯಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಮಿತಿ ಮೀರಿ ಕುಡಿದವರು ಸಾರ್ವಜನಿಕ ಸ್ಥಳದಲ್ಲಿ ಗಾಡಿಯ ಉಸ್ತುವಾರಿಯಲ್ಲಿದ್ದರೂ ಅಪರಾಧವಾಗಬಹುದು. ಜಾಗ ಖಾಲಿ ಮಾಡಿ ಎಂದಾಗ ಓಡಿಸಬಲ್ಲವರು ಒಬ್ಬರಾದರೂ ಇರಬೇಕಾದ್ದರಿಂದ, ರಸ್ತೆಬದಿಯ ರಾತ್ರಿ ಒಬ್ಬರು ಕುಡಿಯದೇ ಇರಿ.

ಜನರೇಟರ್ ಬೇಡವೇ ಬೇಡ. ‘ನಿಶ್ಶಬ್ದ’ ಎಂದು ಹೆಸರಿಟ್ಟು ಮಾರುವುದೂ ರಾತ್ರಿ ಹನ್ನೊಂದಕ್ಕೆ ದೂರದವರೆಗೆ ಕೇಳಿಸುತ್ತದೆ, ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಒಲೆ ಹೊತ್ತಿಸಿ ಗಾಡಿ ಬೆಚ್ಚಗೆ ಮಾಡಬೇಡಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ, ನೆಲದಲ್ಲಿರುವ ಗಾಳಿಕಿಂಡಿಯನ್ನು ಚಳಿಗೆಂದು ಮುಚ್ಚಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಅದು ಹೊರಹೋಗುವುದು ಆ ಕಿಂಡಿಯಿಂದಲೇ.

ಹೊರಡುವಾಗ

ಬೆಳಿಗ್ಗೆ ಬೇಗ ಹೊರಡಿ. ಅದಕ್ಕೂ ಮೊದಲು ಬಗ್ಗಿ ಗಾಡಿಯ ಅಡಿ ನೋಡಿ. ಪಾತ್ರೆ ತೊಳೆದ ನೀರಿನ ಟ್ಯಾಂಕಿನ ನಲ್ಲಿಯ ಬಾಯಲ್ಲಿ ಒಂದು ಅನ್ನದ ಅಗುಳು ಸಿಕ್ಕಿಕೊಂಡರೂ ಸಾಕು, ರಾತ್ರಿಯಿಡೀ ತೊಟ್ಟಿಕ್ಕಿ ಡಾಂಬರಿನ ಮೇಲೆ ಜಿಡ್ಡಿನ ಕಲೆ ಹರಡಿರುತ್ತದೆ. ಕಲೆಯ ಮೇಲೆ ಶುದ್ಧ ನೀರು ಸುರಿದು ಉಜ್ಜಿ, ಹೊರಟ ಮೇಲೆ ಆ ನಲ್ಲಿಯ ವಾಷರ್ ಬದಲಿಸಿ. ‘ಸೋಪಿನ ನೀರು ತಾನೆ’ ಎಂದು ಚರಂಡಿಗೆ ಬಿಡುವುದು ತಪ್ಪು: ರಸ್ತೆಬದಿಯ ಮಳೆನೀರಿನ ಚರಂಡಿ ಬಹಳ ಕಡೆ ನೇರವಾಗಿ ಹಳ್ಳಕ್ಕೆ ಹೋಗುತ್ತದೆ. ಶೌಚದ ಡಬ್ಬಿ ಖಾಲಿ ಮಾಡುವುದು ಅದಕ್ಕೆಂದೇ ಇರುವ ಜಾಗದಲ್ಲಿ ಮಾತ್ರ.

ಗೋಡೆಯ ಪಕ್ಕ ನಿಂತಿದ್ದರೆ ಹೊರಡುತ್ತಲೇ ಸ್ಟೀರಿಂಗ್ ತಿರುಗಿಸಬೇಡಿ. ಹಿಂದಿನ ಚಕ್ರದಾಚೆಗೆ ಚಾಚಿರುವ ಭಾಗ ಗೋಡೆಯ ಕಡೆಗೇ ಬೀಸುತ್ತದೆ. ಆ ಭಾಗ ಗೋಡೆ ದಾಟುವವರೆಗೆ ನೇರ ಹೋಗಿ, ಆಮೇಲೆ ತಿರುಗಿಸಿ.