ಕೊಡೆ ಎಂದರೆ ಕೊಡುತ್ತೇನೆ

ಅಂಕೋಲೆಯ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನ ಟೇಲರಿಂಗ್ ಅಂಗಡಿ. ಹತ್ತಡಿ ಉದ್ದ, ಎಂಟಡಿ ಅಗಲ. ಒಳಗೆ ಒಂದು ಮಷಿನ್, ಇಸ್ತ್ರಿ ಮೇಜು, ಬ್ಲೌಸ್ ಪೀಸಿನ ಗಂಟುಗಳು. ಹೊರಗೆ, ಮಾಡಿನ ಕೆಳಗೆ, ಗೋಡೆಗೆ ಹೊಡೆದ ಮರದ ಪಟ್ಟಿಯಲ್ಲಿ ಹನ್ನೆರಡು ಮೊಳೆ. ಮಳೆಗಾಲದ ನಾಲ್ಕು ತಿಂಗಳು ಆ ಮೊಳೆಗಳಲ್ಲಿ ಕೊಡೆ ನೇತಾಡುತ್ತವೆ. ಬಸ್ಸಿಳಿದು ಮಳೆಯಲ್ಲಿ ಸಿಕ್ಕಿಹಾಕಿಕೊಂಡವರು ಒಂದನ್ನು ತೆಗೆದುಕೊಂಡು ಹೋಗುತ್ತಾರೆ. ಮತ್ತೊಮ್ಮೆ ಈ ಕಡೆ ಬಂದಾಗ ನೇತುಹಾಕುತ್ತಾರೆ, ಅಥವಾ ಹಾಕುವುದಿಲ್ಲ. ಇಷ್ಟೇ ಕೆಲಸ. ಇಷ್ಟನ್ನು ಸರಿಯಾಗಿ ಮಾಡಲು ನನಗೆ ಆರು ಮಳೆಗಾಲ ಬೇಕಾಯಿತು.

ನಾನು ಶಿರಸಿ ಕಡೆಯವಳು. ಘಟ್ಟದ ಮೇಲಿನ ಮಳೆ ನೋಡಿ ಬೆಳೆದವಳಿಗೆ ಮಳೆ ಹೊಸದಲ್ಲ, ಆದರೆ ಇಲ್ಲಿನ ಮಳೆಗೆ ಸಮುದ್ರದ ಗಾಳಿ ಜೊತೆಗಿರುತ್ತದೆ. ಮದುವೆಯಾಗಿ ಬಂದ ವರ್ಷ, ಆರಿದ್ರಾ ಮಳೆಯ ಒಂದು ದಿನ ಪೇಟೆಯ ನಡುವೆ ನನ್ನ ಕೊಡೆ ಉಲ್ಟಾ ಹೊಡೆದು ಕಡ್ಡಿ ಮುರಿದುಕೊಂಡಿತು. ಕೈಯಲ್ಲಿ ಮಾವನವರ ಔಷಧಿಯ ಚೀಟಿ ಇತ್ತು. ಬಸಲೆ, ಹರಿವೆ ಇಟ್ಟುಕೊಂಡು ಕೂತಿದ್ದ ಹಾಲಕ್ಕಿ ಒಕ್ಕಲಿಗರ ಅಜ್ಜಿಯೊಬ್ಬಳು, ಕೊರಳ ತುಂಬ ಮಣಿಸರ, "ಬಾ ತಂಗಿ" ಎಂದು ತನ್ನ ಪ್ಲಾಸ್ಟಿಕ್ ಕೊಪ್ಪೆಯ ಅರ್ಧ ನನ್ನ ತಲೆಗೆ ಹಾಕಿದಳು. ಬುಟ್ಟಿ ಅಲ್ಲೇ ಬಿಟ್ಟು ನಮ್ಮ ಮನೆಯ ಅಂಗಳದವರೆಗೆ ಬಂದಳು. ಚಹಾ ಕುಡಿದು ಹೋಗಿ ಎಂದರೆ ನಿಲ್ಲಲಿಲ್ಲ.

ಮರುದಿನ ಋಣ ತೀರಿಸುವ ಉಮೇದಿಯಲ್ಲಿ ಹೋಗಿ ಅವಳ ಬುಟ್ಟಿಯ ಬಸಲೆಯನ್ನೆಲ್ಲ ಕೊಡು ಎಂದೆ. ಅವಳು ನನ್ನ ಮುಖ ನೋಡಿದಳು. "ನಿಮ್ಮನೇಲಿ ಎಷ್ಟು ಜನ?" ನಾಲ್ಕು ಎಂದೆ. ಎರಡು ಕಟ್ಟು ತೆಗೆದು ಕೊಟ್ಟು, ಎರಡು ಕಟ್ಟಿನ ದುಡ್ಡು ತೆಗೆದುಕೊಂಡು, ಪಕ್ಕದ ಗಿರಾಕಿಯ ಕಡೆ ತಿರುಗಿದಳು. ಆಗ ನನಗೆ ಸಿಟ್ಟೇ ಬಂದಿತ್ತು. ಅವಳು ಏನು ಮಾಡಿದಳು ಎಂಬುದು ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ, ನಾನೇ ಕೊಡುವ ಜಾಗದಲ್ಲಿ ನಿಂತಾಗ.

ಕೊಡೆಯ ಶುರು ಬಹಳ ಸಾದಾ. ಬ್ಲೌಸ್ ಅಳತೆಗೆ ಬಂದವರು ಮಳೆ ನಿಂತರೆ ಕೊಡೆ ಮರೆತು ಹೋಗುತ್ತಾರೆ. ದೀಪಾವಳಿ ಹೊತ್ತಿಗೆ ನನ್ನ ಮೂಲೆಯಲ್ಲಿ ವಾರಸುದಾರರಿಲ್ಲದ ನಾಲ್ಕೈದು ಕೊಡೆ ಸೇರಿರುತ್ತಿದ್ದವು. ಒಂದು ವರ್ಷ ಅವನ್ನು ಬಿಸಾಡುವ ಬದಲು ರಿಪೇರಿ ಮಾಡಿ, "ಕೊಡೆ ಬೇಕಾದವರು ಕೇಳಿ" ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದೆ. ಜೂನ್ ಪೂರ್ತಿ ಒಬ್ಬರೂ ಕೇಳಲಿಲ್ಲ. ನಿವೃತ್ತ ಕನ್ನಡ ಮಾಸ್ತರರೊಬ್ಬರು ಪ್ಯಾಂಟ್ ಕಿರಿದು ಮಾಡಿಸಲು ಬಂದವರು ಬೋರ್ಡು ಓದಿ, "ಕೊಡೆ ಅಂದರೆ ಕೊಡೋದಿಲ್ಲ ಅಂತಲೂ ಅರ್ಥ ಆಗ್ತದೆ ತಂಗಿ, ಅದಕ್ಕೇ ಯಾರೂ ಬರ್ತಾ ಇಲ್ಲ" ಎಂದು ನಗೆಯಾಡಿದರು. ಆದರೆ ತಪ್ಪಿದ್ದದ್ದು "ಕೇಳಿ" ಎಂಬಲ್ಲಿ. ನೆನೆಯುತ್ತಾ ಬಂದವರು, ಅದೂ ಹೆಂಗಸರು, ಗುರುತಿಲ್ಲದ ಅಂಗಡಿಯ ಮೆಟ್ಟಿಲು ಹತ್ತಿ ಬಾಯಿಬಿಟ್ಟು ಕೇಳುವುದಕ್ಕಿಂತ ನೆನೆದೇ ಹೋಗುತ್ತಾರೆ. ನಾನಾದರೂ ಹಾಗೇ ಮಾಡುತ್ತಿದ್ದೆ.

ರಟ್ಟು ತೆಗೆದೆ, ಕೊಡೆಗಳನ್ನು ಹೊರಗೆ ತಂದೆ. ಎರಡನೇ ವರ್ಷ ಲೆಕ್ಕದ ಹುಚ್ಚು ಹಿಡಿಯಿತು. ನೂರು ಪುಟದ ಪುಸ್ತಕ ತಂದು ಹೆಸರು, ಊರು, ಫೋನ್ ನಂಬರ್ ಬರೆಸತೊಡಗಿದೆ. ಕೊಡೆ ಮುಟ್ಟಿದವರು ಪುಸ್ತಕ ಕಂಡು ಕೈ ಹಿಂದೆಗೆದರು. ಒಬ್ಬಾಕೆ ಹೆಸರು ಬರೆದು, ಊರಿನ ಜಾಗದಲ್ಲಿ ಏನು ಬರೆಯುವುದೆಂದು ಸುಮಾರು ಹೊತ್ತು ಪೆನ್ನು ಹಿಡಿದು ನಿಂತಳು. ಗಂಡನ ಮನೆ ಬಿಟ್ಟು ಬಂದವಳಂತೆ, ಆಮೇಲೆ ತಿಳಿಯಿತು. ಇನ್ನೂರೈವತ್ತು ರೂಪಾಯಿಯ ಹಳೇ ಕೊಡೆಗೆ ನಾನು ಅವಳ ವಿಳಾಸ ಕೇಳುತ್ತಿದ್ದೆ. ಆ ಪುಸ್ತಕದಲ್ಲಿ ಈಗ ಬ್ಲೌಸಿನ ಅಳತೆ ಬರೆಯುತ್ತೇನೆ.

ಮೂರನೇ ವರ್ಷದ ತಪ್ಪು ಇನ್ನೂ ಚಂದ. ಕಳೆದುಹೋಗಬಾರದೆಂದು ಪ್ರತಿ ಕೊಡೆಯ ಪಟ್ಟಿಗೆ ಕೆಂಪು ಜರಿಯಂಚಿನ ತುಂಡು ಹೊಲಿದೆ. ಊರಿಗೆಲ್ಲ ಗುರುತಾಯಿತು. ಕಂಡವರೆಲ್ಲ "ಓ, ಟೇಲರಕ್ಕನ ಕೊಡೆ" ಎನ್ನುವವರೇ. ನನಗೆ ಹಿಗ್ಗು, ಸುಳ್ಳು ಹೇಳಬಾರದು. ಒಂದು ಸಂಜೆ ಕಾಲೇಜಿನ ಹುಡುಗಿಯೊಬ್ಬಳು ಧೋ ಮಳೆಯಲ್ಲಿ ನಿಂತಿದ್ದಳು. ತಗೊಂಡು ಹೋಗು ಎಂದರೆ, "ಬೇಡ ಅಕ್ಕ, ಕೆಂಪು ಪಟ್ಟಿ ನೋಡಿದ್ರೆ ಎಲ್ರೂ ಕೇಳ್ತಾರೆ" ಎಂದಳು. ಅವಳು ಹೋದ ಮೇಲೆ ಬಾಗಿಲು ಹಾಕಿ, ಕತ್ತರಿ ಹಿಡಿದು, ಇದ್ದಷ್ಟೂ ಕೊಡೆಗಳ ಕೆಂಪು ಪಟ್ಟಿ ಬಿಚ್ಚಿದೆ. ಹೊಲಿದದ್ದು ಗಟ್ಟಿಯಾಗಿತ್ತು, ಬಿಚ್ಚಲು ರಾತ್ರಿ ಒಂಬತ್ತಾಯಿತು.

ಈಗ ಗುರುತೂ ಇಲ್ಲ, ಪುಸ್ತಕವೂ ಇಲ್ಲ. ಯಾರಾದರೂ ಮಾಡಿನ ಕೆಳಗೆ ನಿಂತು ಆಕಾಶ ನೋಡುತ್ತಿದ್ದರೆ ಮಷಿನ್ ನಿಲ್ಲಿಸದೆ, ತಲೆ ಎತ್ತದೆ ಹೇಳುತ್ತೇನೆ: "ಯಾರೋ ಬಿಟ್ಟುಹೋದ ಕೊಡೆ ಉಂಟಲ್ಲಿ, ಹಿಡ್ಕೊಂಡು ಹೋಗಿ." ಮಷಿನ್ ನಿಲ್ಲಿಸಿದರೆ ಅದು ಉಪಕಾರವಾಗುತ್ತದೆ. ತುಳಿಯುತ್ತಲೇ ಹೇಳಿದರೆ ಬರೀ ಮಾತು.

ವಾಪಸ್ ಬರುತ್ತವೆಯೇ ಎಂದು ಎಲ್ಲರೂ ಕೇಳುತ್ತಾರೆ. ಹೋದ ವರ್ಷ 26 ಕೊಡೆ ಹೊರಗಿಟ್ಟೆ, ನವರಾತ್ರಿಗೆ ಎಣಿಸಿದರೆ 17. ಆದರೆ ಆ 17ರಲ್ಲಿ ಮೂರು ನನ್ನವಲ್ಲ. ನನ್ನದನ್ನು ಕಳೆದವರು ತಮ್ಮದನ್ನು ತಂದು ಹಾಕಿರಬೇಕು. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ ಫ್ರೀ ಆಯಿತಲ್ಲ, ಆವಾಗಿನಿಂದ ದೂರದೂರಿಗೆ ಹೋಗುವ ಕೊಡೆಗಳೂ ಹೆಚ್ಚಾದವು. ಕುಮಟೆಗೆ ಹೋದದ್ದು ಅಲ್ಲಿಂದಲೇ ಬಸ್ ಕಂಡಕ್ಟರ್ ಕೈಯಲ್ಲಿ ಬಂದದ್ದುಂಟು. ಕಂಡಕ್ಟರ್ ಬಸ್ಸಿನ ಬಾಗಿಲಿಂದಲೇ "ಅಕ್ಕಾ, ನಿಮ್ಮ ಕೊಡೆ" ಎಂದು ಕೂಗಿ, ಇಳಿಯುವವರ ಕೈಯಲ್ಲಿ ಕೊಟ್ಟು ಕಳಿಸಿದ.

ಪೇಟೆಯಲ್ಲಿ ಕೊಡೆ ಮಾರುವ ಅಂಗಡಿಯವರೊಬ್ಬರು ಮೊದಮೊದಲು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅದೂ ನ್ಯಾಯವೇ, ಜೂನ್ ಅವರ ಸುಗ್ಗಿ. ನಾನೇ ಹೋಗಿ, ಮುರಿದು ವಾಪಸ್ ಬಂದ ಮಾಲು ಇದ್ದರೆ ಕಿಲೋ ಲೆಕ್ಕದಲ್ಲಿ ಕೊಡಿ ಎಂದೆ. ಗುಜರಿಗಿಂತ ಹೆಚ್ಚು ಕೊಡುತ್ತೇನೆಂದು ಗೊತ್ತಾದ ಮೇಲೆ ಸಮಾಧಾನವಾಯಿತು.

ರಿಪೇರಿಯ ಮಾತು ಸ್ವಲ್ಪ ಹೇಳಬೇಕು, ಯಾಕೆಂದರೆ ನನಗೆ ಇದರಲ್ಲೇ ಹೆಚ್ಚು ರುಚಿ. ಕೊಡೆ ಹಾಳಾಗುವುದು ಹೆಚ್ಚಾಗಿ ಎರಡು ಕಡೆ. ಕಡ್ಡಿಯ ತುದಿಯಲ್ಲಿ ಬಟ್ಟೆ ಬಿಟ್ಟುಕೊಳ್ಳುತ್ತದೆ, ಇಲ್ಲವೇ ಮಡಚುವ ಜಾಗದಲ್ಲಿ ಕಡ್ಡಿಯೇ ಮುರಿಯುತ್ತದೆ. ಬಟ್ಟೆಯನ್ನು ಮಷಿನ್ ದಾರದಲ್ಲಿ ಹೊಲಿದರೆ ಎರಡು ಮಳೆಗೆ ಕೊಳೆಯುತ್ತದೆ. ಇಲ್ಲೇ ಹತ್ತಿರದ ಮೀನುಗಾರರ ಊರು ಕೇಣಿಯಲ್ಲಿ ಬಲೆ ಹೆಣೆಯುವ ನೈಲಾನ್ ದಾರ ಸಿಗುತ್ತದೆ, ಅದರಲ್ಲಿ ಕಡ್ಡಿಯ ತೂತಿನೊಳಗೆ ಮೂರು ಸುತ್ತು ಹಾಕಿ ಗಂಟಿನ ತುದಿಯನ್ನು ಬೆಂಕಿಕಡ್ಡಿಯಲ್ಲಿ ಕರಗಿಸಿಬಿಟ್ಟರೆ ಗಾಳಿಗೂ ಬಗ್ಗುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಬಲೆ ರಿಪೇರಿಗೆ ಕೂತವರ ಹತ್ತಿರ ದಾರದ ತುಂಡುಗಳು ರಾಶಿ ಬಿದ್ದಿರುತ್ತವೆ. ದುಡ್ಡು ಕೊಡಹೋದರೆ ಬೈಯುತ್ತಾರೆ. ಅಂಗಿಯ ಗುಂಡಿ ಹಚ್ಚಿಸಲು ಬಂದಾಗ ನಾನೂ ದುಡ್ಡು ತೆಗೆದುಕೊಳ್ಳುವುದಿಲ್ಲ.

ಮುರಿದ ಕಡ್ಡಿ ಕೂಡಿಸುವುದು ಮಾತ್ರ ನನಗೆ ಬರುತ್ತಿರಲಿಲ್ಲ. ಕಲಿಸಿದವನು ತಮಿಳುನಾಡಿನ ಒಬ್ಬ ಲಾರಿ ಡ್ರೈವರ್, 2024ರ ಜುಲೈಯಲ್ಲಿ.

ಆ ತಿಂಗಳ 16ರ ಬೆಳಿಗ್ಗೆ ನಮ್ಮ ತಾಲೂಕಿನದೇ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ, ರಸ್ತೆಬದಿಯ ಚಹಾದಂಗಡಿಯನ್ನೂ, ಅದರಲ್ಲಿದ್ದ ಸಂಸಾರವನ್ನೂ ಗಂಗಾವಳಿ ನದಿಗೆ ತಳ್ಳಿತು. ಆಗ ಕೊಚ್ಚಿಹೋದ ಕೇರಳದ ಡ್ರೈವರೊಬ್ಬನ ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಹೆದ್ದಾರಿ ಬಂದಾಗಿ ಅಂಕೋಲೆಯ ಈ ಬದಿಗೆ ಲಾರಿಗಳು ಸಾಲುಗಟ್ಟಿ ನಿಂತವು. ಆ ಚಹಾದಂಗಡಿಯಲ್ಲಿ ನಿಲ್ಲಿಸಿ ಚಹಾ ಕುಡಿಯುವ ರೂಢಿ ಆ ಡ್ರೈವರುಗಳಲ್ಲಿ ಎಷ್ಟೋ ಜನಕ್ಕಿತ್ತು. ಅವರ ಮುಖದ ಮೇಲೆ ಅದು ಕಾಣುತ್ತಿತ್ತು.

ಊರವರು ಚಿತ್ರಾನ್ನ, ಉಪ್ಪಿಟ್ಟು ಕಟ್ಟಿ ಒಯ್ದರು. ನಾನೂ ಅವಲಕ್ಕಿ ಕಲಸಿ ಒಯ್ದೆ. ಎರಡನೇ ದಿನ ಹೋದಾಗ ಒಬ್ಬನ ಸೀಟಿನ ಮೇಲೆ ಮುಟ್ಟದ ಪೊಟ್ಟಣ ನಾಲ್ಕು ಇದ್ದವು. ಹಸಿವಿಗೆ ಕೊಡುವವರು ಬೇಕಾದಷ್ಟಿದ್ದರು. "ಕ್ಯಾ ಚಾಹಿಯೇ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವನು ನಾಚುತ್ತಾ ತನ್ನ ಲುಂಗಿ ಹಿಂಡಿ ತೋರಿಸಿದ. ಎರಡು ದಿನದಿಂದ ಒಣಗಿದ ಬಟ್ಟೆ ಮೈಮೇಲೆ ಇರಲಿಲ್ಲ. ಆ ಮಳೆಯಲ್ಲಿ ಬಟ್ಟೆ ಒಣಗುವುದೆಲ್ಲಿ?

ನನ್ನ ಹತ್ತಿರ ಇಸ್ತ್ರಿ ಪೆಟ್ಟಿಗೆ ಇತ್ತು. ಕರೆಂಟು ಇದ್ದಷ್ಟು ಹೊತ್ತು ಲುಂಗಿ, ಬನಿಯನ್, ಪ್ಯಾಂಟು ಇಸ್ತ್ರಿಯಲ್ಲೇ ಒಣಗಿಸಿದೆ. ಅಂಗಡಿಯೆಲ್ಲ ಹಬೆ, ಬೆವರಿನ ವಾಸನೆ, ಡೀಸೆಲಿನ ವಾಸನೆ. ಪ್ಲಗ್ಗಿಗೆ ಫೋನುಗಳ ಸಾಲು. ಪಕ್ಕದ ಮನೆಯವರು ತಮ್ಮ ಹಿತ್ತಲ ಬಚ್ಚಲು, ಪಾಯಖಾನೆ ತೆರೆದುಕೊಟ್ಟರು. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ದೊಡ್ಡ ಉಪಕಾರ ಅದು, ಅದನ್ನು ಯಾರೂ ಫೋಟೋ ಹೊಡೆಯಲಿಲ್ಲ.

ಲುಂಗಿಯವನು ಬಟ್ಟೆ ಒಣಗುವವರೆಗೆ ಸುಮ್ಮನೆ ಕೂರಲಾರದೆ ಮೂಲೆಯ ಮುರುಕು ಕೊಡೆಗಳನ್ನು ನೋಡಿದ. ಏನೂ ಹೇಳದೆ ಲಾರಿಗೆ ಹೋಗಿ ಇಕ್ಕಳ, ಸಣ್ಣ ತಂತಿ ತಂದ. ಕೊಡೆಯ ಕಡ್ಡಿ ನೋಡಿದರೆ ಗೊತ್ತಾಗುತ್ತದೆ, ಅದು ಗಟ್ಟಿ ಸರಳಲ್ಲ, ಒಳಗೆ ಕಾಲುವೆಯಂತೆ ಮಡಚಿದ ತಗಡು. ಅವನು ಪೂರ್ತಿ ಹಾಳಾದ ಕೊಡೆಯಿಂದ ಎರಡು ಇಂಚು ಕಡ್ಡಿ ಕತ್ತರಿಸಿ, ಮುರಿದ ಜಾಗದ ಮೇಲೆ ಕಾಲುವೆಯೊಳಗೆ ಕಾಲುವೆ ಕೂರುವಂತೆ ಇಟ್ಟು, ಇಕ್ಕಳದಿಂದ ಅಮುಕಿ, ಎರಡು ತುದಿಗೂ ತಂತಿ ಸುತ್ತಿದ. ಮುರಿದ ಕಾಲಿಗೆ ದಬ್ಬೆ ಕಟ್ಟುತ್ತಾರಲ್ಲ, ಥೇಟ್ ಹಾಗೆ. ತಂತಿಯ ತುದಿ ಬಟ್ಟೆ ಹರಿಯದಂತೆ ಒಳಮುಖ ಮಾಡಿ ಬಗ್ಗಿಸಿ, ನನ್ನ ಕೈಗೆ ಕೊಟ್ಟು ಬಿಡಿಸಿ ನೋಡು ಎಂದು ಸನ್ನೆ ಮಾಡಿದ. ಆ ಮಧ್ಯಾಹ್ನ ಏಳು ಕೊಡೆ ರಿಪೇರಿಯಾದವು. ಎಂಟನೆಯದನ್ನು ನನ್ನ ಕೈಯಲ್ಲಿ ಮಾಡಿಸಿದ, ತಪ್ಪಿದಾಗ ತಮಿಳಿನಲ್ಲಿ ಗದರಿದ. ಬಂದಾಗ ಬಾಗಿಲಲ್ಲಿ ಕುಗ್ಗಿ ನಿಂತಿದ್ದವನು ಹೋಗುವಾಗ ನನ್ನ ಗುರು. ಬೇಡ ಎಂದು ತಡೆದಿದ್ದರೆ ನಾನು ಎಂಥ ತಪ್ಪು ಮಾಡುತ್ತಿದ್ದೆ! ಬಸಲೆ ಅಜ್ಜಿ ನನ್ನನ್ನು ತಡೆದಿದ್ದಳಲ್ಲ ಎನ್ನಬಹುದು. ಅವಳು ದುಡ್ಡಿಗೆ ತಡೆದಳು, ನನ್ನ ಕೆಲಸಕ್ಕಲ್ಲ. ಆಮೇಲೆ ವರ್ಷಗಟ್ಟಲೆ ಅವಳ ರವಿಕೆ ನಾನೇ ಹೊಲಿದುಕೊಟ್ಟೆ, ಅದಕ್ಕೆ ಒಂದು ದಿನವೂ ಬೇಡ ಎನ್ನಲಿಲ್ಲ.

ಅಪರಿಚಿತರಿಗೆ ಕೊಡುವುದು ಹೀಗೆ ಸುಲಭ. ಕೊಟ್ಟ ಮೇಲೆ ಮುಖ ನೋಡಬೇಕೆಂದಿಲ್ಲ. ನೆರೆಮನೆಯವರದ್ದು ದಿನಾ ನೋಡುವ ಮುಖ.

ನಮ್ಮ ಹಿಂದಿನ ಮನೆಗೆ ಗಂಡ ತೀರಿಕೊಂಡ ಹೆಂಗಸೊಬ್ಬಳು ಮಗಳ ಜೊತೆ ಬಾಡಿಗೆಗೆ ಬಂದಳು. ಸಾಂಬಾರು, ಪಲ್ಯ ಮಾಡಿದಾಗ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದೆ. ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದೆಂಬುದು ನಮ್ಮಲ್ಲಿ ಎಲ್ಲರೂ ಪಾಲಿಸುವ ರಿವಾಜು. ಮೊದಲ ಸಲ ಡಬ್ಬಿಯಲ್ಲಿ ಈಶಾಡು ಮಾವಿನಹಣ್ಣು ಎರಡು ಬಂದವು. ಆಮೇಲೆ ಒಂದು ಹಿಡಿ ಸಕ್ಕರೆ. ಆಮೇಲೆ ಕರಿಬೇವಿನ ಐದು ಎಸಳು, ತೊಳೆದು, ಒಂದರ ಮೇಲೊಂದು ಜೋಡಿಸಿ ಇಟ್ಟದ್ದು. ಕಡೆಗೊಂದು ದಿನ ಡಬ್ಬಿ ಕೊಡಹೋದರೆ ಬಾಗಿಲು ಅರ್ಧ ತೆರೆದು, "ಹೊಟ್ಟೆ ಸರಿ ಇಲ್ಲ ಅಕ್ಕ, ಇವತ್ತು ಬೇಡ" ಎಂದಳು. ಮರುವಾರವೂ ಅದೇ ಮಾತು. ನನಗೆ ಕೆಟ್ಟೆನಿಸಿತು, ಸೊಕ್ಕು ಎಂದೂ ಅಂದುಕೊಂಡೆ. ಅತ್ತೆಯವರು ನಕ್ಕರು. "ನೀನು ಡಬ್ಬಿ ಕೊಟ್ಟ ದಿನವೆಲ್ಲ ಅವಳಿಗೆ ಡಬ್ಬಿ ತುಂಬುವ ಚಿಂತೆ."

ನಾಗರಪಂಚಮಿ ಬಂತು. ಅರಿಶಿನ ಎಲೆಯ ಕಡುಬು ಮಾಡಿದ್ದೆವು. ಎಲೆ ಸಮೇತ, ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟೆ. ವಾಪಸ್ ಕೊಡಲು ಏನೂ ಇಲ್ಲ, ಎಲೆ ಬಿಸಾಡಿದರೆ ಮುಗಿಯಿತು. ತೆಗೆದುಕೊಂಡಳು. ಅಂದಿನಿಂದ ನಾನು ಅವಳ ಮನೆಗೆ ಏನು ಕೊಟ್ಟರೂ ಎಲೆಯಲ್ಲೇ. ಸಾರು ಕೊಡಲಾಗುವುದಿಲ್ಲ, ನಿಜ. ಅದಕ್ಕೆ ಬೇರೆ ದಾರಿ ಸಿಕ್ಕಿತು: ಬ್ಲೌಸಿಗೆ ಹುಕ್ಕು ಹಚ್ಚಲು ಕೈ ಸಾಲುತ್ತಿಲ್ಲ ಎಂದು ಅವಳನ್ನು ಕರೆದೆ. ಸುಳ್ಳೂ ಅಲ್ಲ. ಬ್ಲೌಸಿಗೆ ಇಷ್ಟು ಎಂದು ಮಾತಾಡಿ ಈಗ ಸಂಜೆ ಎರಡು ತಾಸು ಬರುತ್ತಾಳೆ. ನನಗಿಂತ ಚುರುಕು. ಮಧ್ಯೆ ಒಂದು ದಿನ ಅವಳೇ ಡಬ್ಬಿಯಲ್ಲಿ ಹುರುಳಿ ಸಾರು ತಂದಿಟ್ಟಳು. ಡಬ್ಬಿ ತುಂಬುವ ಚಿಂತೆ ಈಗ ನನಗೆ.

ಮೃಗಶಿರಾಕ್ಕೆ ಇನ್ನು ಹತ್ತು ದಿನ. ಮೂಲೆಯಲ್ಲಿ ಎಂಟು ಕೊಡೆ ಮುರಿದು ಬಿದ್ದಿವೆ, ದಬ್ಬೆಗೆ ಕಡ್ಡಿ ಸಾಕಷ್ಟಿದೆ, ದಾರ ಮುಗಿದಿದೆ. ನಾಳೆ ಕೇಣಿಗೆ ಹೋಗಬೇಕು. ಮೊಳೆಗಳಲ್ಲಿ ಎರಡು ತುಕ್ಕು ಹಿಡಿದು ಸಡಿಲಾಗಿವೆ, ಅವನ್ನೂ ಬದಲಾಯಿಸಬೇಕು.