‘ವಿತ್’ ಎಂದರೆ ‘ವಿರುದ್ಧ’ ಎಂದಿದ್ದ ಕಾಲ: ಒಂದು ಪುಟ್ಟ ಪದದ ಜಾಡು ಹಿಡಿದ ಅನುಭವ

ಇಂಗ್ಲಿಷ್ ಪಾಠ ಮಾಡುವವರಿಗೆ ಪ್ರಿಪೊಸಿಷನ್ ದಿನಾ ಎದುರಾಗುವ ಗಂಟು. ನಾನು ಡಿಗ್ರಿ ತರಗತಿಗಳಿಗೆ ಪಾಠ ಮಾಡುತ್ತೇನೆ. ‘ವಿತ್’ ಅಂದರೆ ‘ಜೊತೆ’ ಎಂದು ಹೇಳಿಕೊಟ್ಟರೆ ಮಕ್ಕಳು ಅಷ್ಟಕ್ಕೇ ಬಿಡುವುದಿಲ್ಲ. ಹಾಗಾದರೆ ‘ವಿತ್‌ಸ್ಟ್ಯಾಂಡ್’ ಅಂದರೆ ಜೊತೆಗೆ ನಿಲ್ಲೋದಾ ಮೇಡಂ ಎಂದು ಕೇಳುತ್ತಾರೆ. ಅಲ್ಲ, ಎದುರಿಸಿ ನಿಲ್ಲುವುದು. ‘ವಿತ್‌ಡ್ರಾ’ ಅಂದರೆ ಹಿಂದಕ್ಕೆ ತೆಗೆಯುವುದು; ಬ್ಯಾಂಕಿಗೆ ಹೋಗುವ ಎಲ್ಲರಿಗೂ ಇದು ಗೊತ್ತು. ‘ವಿತ್‌ಹೋಲ್ಡ್’ ಅಂದರೆ ಕೊಡಬೇಕಾದ್ದನ್ನು ಕೊಡದೆ ಹಿಡಿದಿಟ್ಟುಕೊಳ್ಳುವುದು. ಮೂರರಲ್ಲೂ ‘ಜೊತೆ’ಯ ಸುಳಿವೇ ಇಲ್ಲ, ಅಲ್ವಾ? ಇಂಥ ಒಳ್ಳೆಯ ಪ್ರಶ್ನೆಗೆ ‘ಅದು ಹಾಗೇ, ಬಾಯಿಪಾಠ ಮಾಡಿ’ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಈ ಪದ ಎಲ್ಲಿಂದ ಬಂತು ಎಂದು ಹುಡುಕಲು ಕೂತೆ. ಹೇಗೆ ಹುಡುಕಿದೆ, ಏನು ಸಿಕ್ಕಿತು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೇಕಾದದ್ದು ಹಳೆಯ ಅರ್ಥವನ್ನು ಮುಂದಿಟ್ಟು, ಹೊಸದನ್ನು ಆಮೇಲೆ ಕೊಡುವ ನಿಘಂಟು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಹಾಗಿದೆ. 1884ರಿಂದ 1928ರವರೆಗೆ ಕಂತು ಕಂತಾಗಿ ಹೊರಬಂದ ಈ ನಿಘಂಟಿಗಾಗಿ ಎಷ್ಟೋ ಜನ ಓದುಗರು ಹಳೆಯ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆದು ಕಳಿಸುತ್ತಿದ್ದರು. ನಾನೂ ಅದೇ ದಾರಿ ಹಿಡಿದೆ. ಒಂದು ಚೀಟಿಗೆ ಒಂದು ವಾಕ್ಯ. ಮೇಲೆ ಕಾಲ, ಕೆಳಗೆ ಆ ವಾಕ್ಯದಲ್ಲಿ ‘ವಿತ್’ಗೆ ಕನ್ನಡದಲ್ಲಿ ಏನು ಬರುತ್ತದೆ ಎನ್ನುವ ಟಿಪ್ಪಣಿ: ಜೊತೆ, ಇಂದ, ಎದುರು, ಕಡೆಗೆ, ಹೀಗೆ. ಆಮೇಲೆ ಚೀಟಿಗಳನ್ನು ಕಾಲದ ಪ್ರಕಾರ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ನಿಘಂಟನ್ನು ಓದುವಾಗ ಕಾಣದ ಬದಲಾವಣೆ ಹೀಗೆ ಜೋಡಿಸಿದಾಗ ಚೆನ್ನಾಗಿ ಕಾಣುತ್ತದೆ.

ಆಕ್ಸ್‌ಫರ್ಡ್ ನಿಘಂಟಿಗೆ ಚಂದಾ ಬೇಕು. ಆದರೆ ಸುಮಾರು 1100ರವರೆಗಿನ ಹಳೆಯ ಇಂಗ್ಲಿಷಿಗೆ ಬಾಸ್ವರ್ತ್ ಮತ್ತು ಟಾಲರ್ ಅವರ ನಿಘಂಟು ಇದೆ. ಅಲ್ಲಿಂದ 1500ರ ಆಸುಪಾಸಿನವರೆಗಿನ ನಡುಗಾಲದ ಇಂಗ್ಲಿಷಿಗೆ ಮಿಷಿಗನ್ ವಿಶ್ವವಿದ್ಯಾಲಯದ ನಿಘಂಟು ಇದೆ. ಎರಡನ್ನೂ ಇಂಟರ್ನೆಟ್‌ನಲ್ಲಿ ದುಡ್ಡಿಲ್ಲದೆ ನೋಡಬಹುದು. ನಮ್ಮಂಥವರಿಗೆ ಇದು ದೊಡ್ಡ ಉಪಕಾರ.

ಹಳೆಯ ರೂಪವನ್ನು ‘ವಿಥ್’ ಎಂದು ಬರೆಯುತ್ತೇನೆ. ಕೊನೆಯ ಸದ್ದು ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ಉಸಿರು ಬಿಟ್ಟರೆ ಬರುವಂಥದ್ದು. ಅದಕ್ಕೆ ಆಗ ಥಾರ್ನ್, ಎಥ್ ಎಂಬ ಎರಡು ಅಕ್ಷರಗಳಿದ್ದವು. ಆಮೇಲೆ ಎರಡೂ ಬಿಟ್ಟುಹೋದವು.

ಈ ವಿಥ್‌ಗೆ ಮುಖ್ಯ ಅರ್ಥ ‘ಎದುರು’, ‘ವಿರುದ್ಧ’. ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ವರ್ಷವಾರು ದಾಖಲೆಯಲ್ಲಿ 871ನೇ ಇಸವಿಯ ಸುದ್ದಿ ಓದಿದೆ. ರಾಜ ಎಥೆಲ್ರೆಡ್ ಮತ್ತು ಅವನ ತಮ್ಮ ಆಲ್ಫ್ರೆಡ್ ಆಶ್‌ಡೌನ್‌ನಲ್ಲಿ, ಸ್ಕ್ಯಾಂಡಿನೇವಿಯದಿಂದ ದಾಳಿಗೆ ಬಂದಿದ್ದ ಡೇನರ ಇಡೀ ಸೈನ್ಯದ ‘ವಿಥ್’ ಕಾದಿದರು ಎಂದು ಅಲ್ಲಿದೆ. ಈಗಿನ ಇಂಗ್ಲಿಷಿನಲ್ಲಿ ಇದನ್ನು ‘ವಿತ್’ ಎಂದೇ ಬರೆದರೆ ಡೇನರು ಶತ್ರುಗಳೋ ಗೆಳೆಯರೋ ಎಂದು ಕೇಳಬೇಕಾಗುತ್ತದೆ. ಆಗಿನ ಓದುಗನಿಗೆ ಆ ಗೊಂದಲವೇ ಇರಲಿಲ್ಲ. ಹಳೆಯ ಇಂಗ್ಲಿಷಿನ ಬೇವುಲ್ಫ್ ಎಂಬ ಕಾವ್ಯದಲ್ಲೂ ಗ್ರೆಂಡೆಲ್ ಎಂಬ ರಾಕ್ಷಸ ರಾಜ ಹ್ರಾತ್‌ಗಾರ್‌ನ ‘ವಿಥ್’ ಬಹುಕಾಲ ಹೋರಾಡಿದ ಎಂಬ ಸಾಲಿದೆ. ಹ್ರಾತ್‌ಗಾರ್‌ನ ಅರಮನೆಗೆ ನುಗ್ಗಿ ಜನರನ್ನು ತಿನ್ನುವವನು ಅವನ ಜೊತೆಗಾರ ಆಗುವುದು ಹೇಗೆ?

ಯುದ್ಧಕ್ಕಿಂತ ನನಗೆ ಜಾಸ್ತಿ ಹಿಡಿಸಿದ್ದು ವೈದ್ಯದ ಪುಸ್ತಕಗಳು. ಹಳೆಯ ಇಂಗ್ಲಿಷಿನಲ್ಲಿ ಮದ್ದಿನ ವಿವರ ಶುರುವಾಗುವುದೇ ಸಾಮಾನ್ಯವಾಗಿ ‘ವಿಥ್’ನಿಂದ. ವಿಥ್ ತಲೆನೋವು, ವಿಥ್ ಹಾವಿನ ಕಡಿತ. ‘ವಿಥ್ ಫ್ಯಾರ್‌ಸ್ಟಿಚೆ’ ಎಂದು ಶುರುವಾಗುವ ಒಂದು ಮಂತ್ರವೇ ಇದೆ. ಇದ್ದಕ್ಕಿದ್ದಂತೆ ಚುಚ್ಚುವ ನೋವಿನ ವಿರುದ್ಧ ಎಂದು ಅರ್ಥ. ನಾವು ಜ್ವರಕ್ಕೆ ಔಷಧಿ, ಕೆಮ್ಮಿಗೆ ಕಷಾಯ ಅನ್ನುವಲ್ಲಿ ಅವರು ಜ್ವರದ ಎದುರು, ಕೆಮ್ಮಿನ ಎದುರು ಅನ್ನುತ್ತಿದ್ದರು. ರೋಗ ಅವರ ಕಣ್ಣಿಗೆ ಎದುರಾಳಿ.

ಬಾಲ್ಡ್ ಎಂಬವನ ಹೆಸರಿನಲ್ಲಿ ಉಳಿದಿರುವ ಹತ್ತನೇ ಶತಮಾನದ ವೈದ್ಯಗ್ರಂಥದಲ್ಲಿ ಕಣ್ಣಿನ ಕುರುವಿನ ‘ವಿಥ್’ ಹಚ್ಚುವ ಒಂದು ಲೇಪವಿದೆ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಇನ್ನೊಂದು ಗೆಡ್ಡೆ, ವೈನ್, ದನದ ಪಿತ್ತರಸ ಇವನ್ನು ಬೆರೆಸಿ ಹಿತ್ತಾಳೆ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇಡಬೇಕು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಬರೆದಿದ್ದ ಹಾಗೆಯೇ ಮಾಡಿ ನೋಡಿದರು. ಔಷಧಿಗಳಿಗೆ ಬಗ್ಗದ ಎಂಆರ್‌ಎಸ್‌ಎ ಎಂಬ ಬ್ಯಾಕ್ಟೀರಿಯಾವನ್ನು ಅದು ಪ್ರಯೋಗದಲ್ಲಿ ಕೊಂದಿತು ಎಂದು 2015ರಲ್ಲಿ ಹೇಳಿದರು. ಇದನ್ನು ತರಗತಿಯಲ್ಲಿ ಹೇಳಿದ ಮೇಲೆ ವಿಥ್‌ನ ಅರ್ಥವನ್ನು ಯಾರಿಗೂ ಎರಡನೇ ಸಲ ಹೇಳಬೇಕಾಗಿಲ್ಲ.

ಹಾಗಾದರೆ ‘ಜೊತೆ’ಗೆ ಅವರು ಏನನ್ನುತ್ತಿದ್ದರು? ‘ಮಿಡ್’. ಜರ್ಮನ್ ಕಲಿತವರಿಗೆ ಇದು ತಕ್ಷಣ ಗುರುತು ಸಿಗುತ್ತದೆ. ಅಲ್ಲಿ ಇವತ್ತಿಗೂ ‘ಮಿಟ್’ ಎಂದರೆ ಜೊತೆ. ಡಚ್ಚಿನಲ್ಲಿ ‘ಮೆಟ್’, ಸ್ವೀಡಿಷ್‌ನಲ್ಲಿ ‘ಮೆಡ್’. ನಮ್ಮ ವಿಥ್‌ನ ನಂಟಿನ ‘ವೀಡರ್’ ಜರ್ಮನ್‌ನಲ್ಲಿ ಈಗಲೂ ‘ವಿರುದ್ಧ’ವೇ. ಅಕ್ಕಪಕ್ಕದ ಭಾಷೆಗಳೆಲ್ಲ ಹಳೆಯ ಪದವನ್ನು ಇಟ್ಟುಕೊಂಡಿವೆ. ‘ಜೊತೆ’ಯ ಪದವನ್ನು ಬಿಟ್ಟುಕೊಟ್ಟದ್ದು ಇಂಗ್ಲಿಷ್.

ಇದು ಯಾವಾಗ ಆಯಿತು ಎಂದು ನೋಡಲು ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಬೈಬಲ್. ಧರ್ಮದ ಮಾತು ಬೇರೆ, ನಾನು ಹೇಳುವುದು ಭಾಷೆಯ ಕೆಲಸಕ್ಕೆ. ಒಂದೇ ವಾಕ್ಯ ಬೇರೆ ಬೇರೆ ಕಾಲದ ಇಂಗ್ಲಿಷಿನಲ್ಲಿ ಸಿಗುವ ಇಂಥ ಪುಸ್ತಕ ಇನ್ನೊಂದಿಲ್ಲ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದ 23ನೇ ವಚನದಲ್ಲಿ ಇಮ್ಮಾನುವೇಲ್ ಎಂಬ ಹೆಸರಿನ ಅರ್ಥ ಬರುತ್ತದೆ: ದೇವರು ನಮ್ಮ ಜೊತೆ. ಹತ್ತನೇ ಶತಮಾನದ ಕೊನೆಯ ಹೊತ್ತಿನ, ವೆಸ್ಟ್ ಸ್ಯಾಕ್ಸನ್ ಎಂಬ ಹಳೆಯ ಇಂಗ್ಲಿಷಿನ ಉಪಭಾಷೆಯ ಅನುವಾದದಲ್ಲಿ ಅದು ‘ಗಾಡ್ ಮಿಡ್ ಅಸ್’. 1380ರ ದಶಕದ ವಿಕ್ಲಿಫ್ ಬೈಬಲ್‌ನಲ್ಲಿ ‘ಗಾಡ್ ವಿತ್ ಅಸ್’. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲೂ ‘ವಿತ್’. ಅಂದರೆ ಮೊದಲ ಎರಡು ಅನುವಾದಗಳ ನಡುವಿನ ನಾನೂರು ವರ್ಷಗಳ ಒಳಗೆ ಒಂದು ಪದ ಹೋಗಿ ಇನ್ನೊಂದು ಬಂದು ಕೂತಿದೆ. ಡೇನರನ್ನು ಎದುರಿಸಿದ ಪದವನ್ನೇ ದೇವರ ಸಂಗಕ್ಕೆ ಬಳಸಲು ಯಾರೂ ಹಿಂಜರಿಯಲಿಲ್ಲ. ಈ ಚೀಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಆದ ಖುಷಿ ದೊಡ್ಡದು.

ಅದೇ ಸುವಾರ್ತೆಯ 12ನೇ ಅಧ್ಯಾಯದಲ್ಲಿ ‘ನನ್ನ ಜೊತೆ ಇಲ್ಲದವನು ನನಗೆ ವಿರುದ್ಧ’ ಎಂಬ ಮಾತಿದೆ. ಹಳೆಯ ಅನುವಾದದಲ್ಲಿ ‘ಜೊತೆ’ಗೆ ಮಿಡ್ ಇದೆ, ಸರಿ. ಆದರೆ ‘ವಿರುದ್ಧ’ಕ್ಕೆ ವಿಥ್ ಇಲ್ಲ, ‘ಒಂಗೆಯನ್’ ಇದೆ. ಈಗಿನ ‘ಅಗೇನ್’, ‘ಅಗೇನ್ಸ್ಟ್’ ಎರಡೂ ಇದೇ ಪದದಿಂದ ಬಂದವು. ಇಲ್ಲಿ ನನಗೆ ಒಂದು ಎಳೆ ಸಿಕ್ಕಿತು. ವಿರುದ್ಧ ಎನ್ನಲು ಭಾಷೆಯಲ್ಲಿ ಇನ್ನೊಂದು ಪದ ಆಗಲೇ ಇತ್ತು. ಆ ಕೆಲಸ ‘ಅಗೇನ್ಸ್ಟ್’ ಕೈಗೆ ಹೋಗುತ್ತಾ ಬಂತು, ವಿಥ್ ಮಿಡ್‌ನ ಜಾಗಕ್ಕೆ ಸರಿಯಿತು, ಮಿಡ್‌ಗೆ ಜಾಗ ಇಲ್ಲದಾಯಿತು.

ಆದರೂ ‘ವಿರುದ್ಧ’ದಿಂದ ‘ಜೊತೆ’ಗೆ ಜಿಗಿಯುವುದು ಹೇಗೆ? ಪಂಡಿತರು ಕೆಲವು ಕಾರಣ ಕೊಡುತ್ತಾರೆ. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ಭಾಷೆಯಲ್ಲಿ ಇದೇ ಪದಕ್ಕೆ ‘ವಿರುದ್ಧ’, ‘ಜೊತೆ’ ಎರಡೂ ಅರ್ಥ ಇದ್ದವು. ಲ್ಯಾಟಿನ್‌ನಲ್ಲೂ ‘ಕುಮ್’ ಅಂದರೆ ಜೊತೆ, ಆದರೆ ಶತ್ರುವಿನ ‘ಕುಮ್’ ಕಾದುವುದು ಎಂದರೆ ಅವನ ವಿರುದ್ಧವೇ ಕಾದುವುದು. ಎರಡೂ ನಿಜವಾದ ಕಾರಣಗಳು. ಆದರೆ ನನ್ನ ಚೀಟಿಗಳನ್ನು ನೋಡಿದರೆ ದಾರಿ ತೆರೆದದ್ದು ಯುದ್ಧ ಅಲ್ಲ, ಮಾತು ಮತ್ತು ವ್ಯಾಪಾರ ಎಂದು ನನಗೆ ಅನ್ನಿಸುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಒಬ್ಬರ ‘ವಿಥ್’ ಮಾತಾಡುತ್ತಿದ್ದರು. ದುಡ್ಡಿನ ‘ವಿಥ್’ ವಸ್ತುವನ್ನು ಕೊಡುತ್ತಿದ್ದರು, ಅಂದರೆ ದುಡ್ಡಿಗೆ ಬದಲಾಗಿ. ಇಲ್ಲೆಲ್ಲ ಇಬ್ಬರು ಎದುರುಬದುರು ಇದ್ದಾರೆ, ಆದರೆ ಜಗಳ ಇಲ್ಲ. ಎದುರು ಕೂತು ಮಾತಾಡುವವರು ಜೊತೆಗೂ ಇದ್ದ ಹಾಗೆಯೇ. ಅರ್ಥ ಜಿಗಿಯಲಿಲ್ಲ, ಇಂಥ ವಾಕ್ಯಗಳ ಮೂಲಕ ಮೆಲ್ಲಗೆ ಜಾರಿತು.

ಕನ್ನಡದವರಿಗೆ ಇದನ್ನು ಒಪ್ಪಿಸುವುದು ಸುಲಭ. ‘ಅವನ ಜೊತೆ ಜಗಳ ಆಡಿದೆ’ ಎನ್ನುತ್ತೇವೆ. ರಾಮ ರಾವಣನೊಡನೆ ಯುದ್ಧ ಮಾಡಿದ, ವಾನರರೊಡನೆ ಲಂಕೆಗೆ ಹೋದ. ಎರಡು ಕಡೆಯೂ ‘ಒಡನೆ’. ಯಾರು ಶತ್ರು, ಯಾರು ಸ್ನೇಹಿತ ಎಂದು ನಮಗೆ ಕತೆಯಿಂದ ಗೊತ್ತಾಗುತ್ತದೆ, ಪದದಿಂದಲ್ಲ.

ಮಿಡ್ ಪೂರ್ತಿ ಅಳಿಸಿಹೋಗಲಿಲ್ಲ. ‘ಮಿಡ್‌ವೈಫ್’ನಲ್ಲಿ ಉಳಿದಿದೆ. ‘ವೈಫ್’ಗೆ ಆಗ ಹೆಂಗಸು ಎಂದಷ್ಟೇ ಅರ್ಥ. ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವ ಹೆಂಗಸು ಮಿಡ್‌ವೈಫ್, ನಮ್ಮ ಸೂಲಗಿತ್ತಿ. ‘ಮಿಡ್‌ನೈಟ್’ನ ಮಿಡ್ ಮಾತ್ರ ಬೇರೆ ಪದ, ಅದು ನಡು ಎನ್ನುವ ಅರ್ಥದ್ದು. ಎರಡನ್ನೂ ಬೆರೆಸಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ.

ವಿಥ್‌ನ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಇಂಗ್ಲಿಷ್, ಸಂಸ್ಕೃತ ಮೊದಲಾದ ಭಾಷೆಗಳು ಹುಟ್ಟಿದ ಇಂಡೋ-ಯುರೋಪಿಯನ್ ಮೂಲದಲ್ಲಿ ಅದು ‘ಬೇರೆ, ದೂರ’ ಎನ್ನುವ ಅರ್ಥದ ‘ವಿ’. ಸಂಸ್ಕೃತದ ‘ವಿ’ ಉಪಸರ್ಗವೂ ಅದೇ ಬೇರಿನದು. ವಿಯೋಗ, ವಿಭಾಗ, ವಿಚ್ಛೇದನ ಈ ಪದಗಳ ಮೊದಲಲ್ಲಿರುವ ‘ವಿ’ ಅದು. ‘ವಿರುದ್ಧ’ದಲ್ಲೂ ಅದೇ ಇದೆ. ಕನ್ನಡ ದ್ರಾವಿಡ ಭಾಷೆ, ಆದರೆ ಸಂಸ್ಕೃತದಿಂದ ತಂದ ಪದಗಳ ಮೂಲಕ ಈ ನಂಟು ನಮ್ಮ ಬಾಯಲ್ಲೂ ಇದೆ. ಅಗಲುವಿಕೆಯನ್ನು ಹೇಳುವ ನಮ್ಮ ‘ವಿಯೋಗ’ಕ್ಕೂ ಕೂಡಿರುವುದನ್ನು ಹೇಳುವ ಅವರ ‘ವಿತ್’ಗೂ ಬೇರು ಒಂದೇ ಎಂದಾಗ ತರಗತಿಯಲ್ಲಿ ಸಂಸ್ಕೃತ ಓದಿದ ಮಕ್ಕಳು ಎದ್ದು ಕೂರುತ್ತಾರೆ.

ನಡುಗಾಲದ ಕೊನೆಯ ಮತ್ತು ಅದರ ನಂತರದ ಚೀಟಿಗಳು ಬೇಗ ಮುಗಿದವು. 1400ರಲ್ಲಿ ತೀರಿಕೊಂಡ ಕವಿ ಚಾಸರ್‌ನ ಕ್ಯಾಂಟರ್‌ಬರಿ ಟೇಲ್ಸ್ ಮೊದಲ ಸಾಲಿನಲ್ಲೇ ‘ವಿತ್’ ಬರುತ್ತದೆ: ಏಪ್ರಿಲ್ ತನ್ನ ಸಿಹಿ ಮಳೆಯಿಂದ ಮಾರ್ಚಿನ ಬರವನ್ನು ಬೇರಿನವರೆಗೆ ಭೇದಿಸಿತು. ಇಲ್ಲಿ ಅದು ನಮ್ಮ ‘ಇಂದ’. ಶೇಕ್ಸ್‌ಪಿಯರ್ ಕಾಲಕ್ಕೆ ಇದು ಇನ್ನೂ ಒಂದು ಹೆಜ್ಜೆ ಹೋಗಿತ್ತು. ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಒಬ್ಬನನ್ನು ಕರಡಿ ಸೀಳಿಹಾಕಿತು ಎನ್ನಲು ‘ವಿತ್ ಎ ಬೇರ್’ ಎಂದೇ ಇದೆ. ಈಗ ಅಲ್ಲಿ ‘ಬೈ’ ಬರೆಯಬೇಕು. ‘ಕಟ್ ಬೈ ಎ ನೈಫ್’ ಎಂದು ಬರೆಯುವ ನಮ್ಮ ಮಕ್ಕಳಿಗೆ ಈ ಸಾಲನ್ನು ತೋರಿಸುತ್ತೇನೆ. ಮಾಡುವವರಿಗೂ ಸಾಧನಕ್ಕೂ ಒಂದೇ ಪದ ಸಾಕಾಗಿದ್ದ ಕಾಲ ಇತ್ತು, ಆಮೇಲೆ ‘ಬೈ’ ಮಾಡುವವರಿಗೆ, ‘ವಿತ್’ ಸಾಧನಕ್ಕೆ ಎಂದು ಹಂಚಿಕೆ ಆಯಿತು ಎಂದರೆ ಅವರಿಗೆ ನಿಯಮ ನಿಲ್ಲುತ್ತದೆ. ಬರೀ ತಿದ್ದಿ ಕೊಟ್ಟರೆ ನಿಲ್ಲುವುದಿಲ್ಲ.

‘ವಿದೌಟ್’ ಮೊದಲಿಗೆ ‘ಹೊರಗೆ’ ಎಂದೇ ಅರ್ಥ ಕೊಡುತ್ತಿತ್ತು, ‘ವಿದಿನ್’ಗೆ ಜೋಡಿಯಾಗಿ. ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ನೋಹನಿಗೆ ನಾವೆಯ ಒಳಗೂ ಹೊರಗೂ ಅಂಟು ಬಳಿ ಎಂದು ದೇವರು ಹೇಳುವ ಸಾಲು ‘ವಿದಿನ್ ಆಂಡ್ ವಿದೌಟ್ ವಿತ್ ಪಿಚ್’ ಎಂದಿದೆ. ಒಂದೇ ಸಾಲಿನಲ್ಲಿ ಮೂರೂ ಬಂದಿವೆ. ಈ ಚೀಟಿ ನನಗೆ ಬಲು ಇಷ್ಟ.

ನಮ್ಮ ದೇಶದಲ್ಲಿ ಈ ಪದದ ಹಳೆಯ ಅರ್ಥ ಇವತ್ತಿಗೂ ಜೀವ ಇಟ್ಟುಕೊಂಡಿರುವ ಜಾಗ ಕಾನೂನು. ‘ನಾಟ್‌ವಿತ್‌ಸ್ಟ್ಯಾಂಡಿಂಗ್ ಎನಿಥಿಂಗ್ ಇನ್ ದಿಸ್ ಕಾನ್‌ಸ್ಟಿಟ್ಯೂಷನ್’ ಎಂದು ಸಂವಿಧಾನದ 370ನೇ ವಿಧಿ ಶುರುವಾಗುತ್ತಿತ್ತು. ಸಂವಿಧಾನದಲ್ಲಿ ಏನೇ ಇದ್ದರೂ ಅದು ಇದಕ್ಕೆ ಎದುರು ನಿಲ್ಲುವುದಿಲ್ಲ ಎಂದು ಅರ್ಥ. ಲ್ಯಾಟಿನ್‌ನ ‘ನಾನ್ ಅಬ್‌ಸ್ಟಾಂಟೆ’ ಎಂಬುದನ್ನು ಹದಿನಾಲ್ಕನೇ ಶತಮಾನದಲ್ಲಿ ಇಂಗ್ಲಿಷಿಗೆ ತಂದಾಗ ಈ ಪದ ಹುಟ್ಟಿತು. ವಕೀಲರು ಇಂಥ ವಾಕ್ಯವನ್ನು ಈಗಲೂ ಆ ಲ್ಯಾಟಿನ್ ಹೆಸರಿನಿಂದಲೇ ಕರೆಯುತ್ತಾರೆ. ಕಾನೂನು ಓದಲು ಹೊರಟ ಹಳೆಯ ವಿದ್ಯಾರ್ಥಿಯೊಬ್ಬ ಈ ಪದ ಯಾಕೆ ಇಷ್ಟು ಉದ್ದ ಮೇಡಂ ಎಂದು ಕೇಳಿದ. ಮೂರು ತುಂಡು ಮಾಡಿ ಬರೆದು ಕೊಟ್ಟೆ: ಇಲ್ಲ, ಎದುರು, ನಿಲ್ಲುವುದು. ಅವನಿಗೆ ಅಷ್ಟು ಸಾಕಾಯಿತು.

ನೀವೂ ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಒಂದೇ ಪದ ಹಿಡಿಯಿರಿ. ಅರ್ಥ ಬರೆಯುವ ಮುಂಚೆ ವಾಕ್ಯ ಬರೆದುಕೊಳ್ಳಿ, ಕಾಲ ಹಾಕಲು ಮರೆಯಬೇಡಿ. ನಾನು ಈಗ ‘ಆಫ್’ ಹಿಡಿದಿದ್ದೇನೆ. ಒಂದು ‘ಎಫ್’ ಇರುವ ‘ಆಫ್’, ಎರಡು ‘ಎಫ್’ ಇರುವ ‘ಆಫ್’ ಮೊದಲಿಗೆ ಒಂದೇ ಪದ, ‘ಇಂದ ದೂರ’ ಎಂದು ಅರ್ಥ. ಒತ್ತಿ ಹೇಳಿದಾಗಿನ ರೂಪ ಎರಡು ‘ಎಫ್’ನದು. ಹದಿನೇಳನೇ ಶತಮಾನದ ಹೊತ್ತಿಗೆ ಎರಡೂ ಪೂರ್ತಿ ಬೇರೆಯಾದವು. ಚೀಟಿಗಳು ಸೇರುತ್ತಿವೆ.