ತೂಕ ಏರಿದ್ದನ್ನು ಕಂಡು ಅಜ್ಜಿ ಹಿಗ್ಗಿದ್ದರು

ನಾನು ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರ್. ಕಿಡ್ನಿ ಕ್ಯಾನ್ಸರ್ ಆದ ನಮ್ಮ ಕಡೆಯ ಮಕ್ಕಳು ಕೀಮೋಗೆ ಬೆಂಗಳೂರಿಗೆ ಹೋಗುತ್ತಾರೆ. ನಡುವೆ ಜ್ವರ, ವಾಂತಿ, ರಕ್ತಪರೀಕ್ಷೆ ಅಂತ ನನ್ನ ಹತ್ತಿರ ಬರುತ್ತಾರೆ.

ಹೊಸನಗರ ಕಡೆಯ ಮೂರು ವರ್ಷದ ಹುಡುಗಿ. ಬಲ ಕಿಡ್ನಿಯಲ್ಲಿ ವಿಲ್ಮ್ಸ್ ಗೆಡ್ಡೆ, ಅಂದರೆ ಚಿಕ್ಕ ಮಕ್ಕಳಿಗೆ ಬರುವ ಕಿಡ್ನಿ ಕ್ಯಾನ್ಸರ್. ಆಪರೇಷನ್‌ಗೆ ಮುಂಚೆ ಗೆಡ್ಡೆ ಕುಗ್ಗಲಿ ಅಂತ ವಿನ್‌ಕ್ರಿಸ್ಟಿನ್, ಆಕ್ಟಿನೊಮೈಸಿನ್-ಡಿ ಎಂಬ ಕೀಮೋ ಔಷಧಿ ಕೊಡುತ್ತಿದ್ದರು. ಜೋರು ಮಳೆಯಲ್ಲಿ ಕರೆತಂದರು. "ಡಾಕ್ಟ್ರೇ, ಪಾಪು ಈಗ ಮೈ ಹಿಡೀತಿದೆ ನೋಡಿ" ಅಂತ ಅಜ್ಜಿ ಹಿಗ್ಗಿದ್ದರು. ನಾಲ್ಕು ದಿನದಲ್ಲಿ ತೂಕ 12.1 ಕೆ.ಜಿ.ಯಿಂದ 13ಕ್ಕೆ ಬಂದಿತ್ತು. ಗಂಜಿಯನ್ನೂ ಸರಿಯಾಗಿ ಕುಡಿಯದ ಮಗು ಅದು. ತೋಳು ಕಡ್ಡಿಯಂತಿತ್ತು, ಹೊಟ್ಟೆ ಮಾತ್ರ ಬಿಗಿ. ಬಲ ಪಕ್ಕೆಯ ಕೆಳಗೆ ಕೈ ಇಟ್ಟರೆ ಚೀರುತ್ತಿದ್ದಳು.

ಗೆಡ್ಡೆಯೇ ಬೆಳೆದಿದೆ ಅಂದುಕೊಳ್ಳುವುದು ಸುಲಭ. ಕಣ್ಣೂ ಹಳದಿಯಾಗಿರಲಿಲ್ಲ. ಆದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಬರೀ 16,000 ಇತ್ತು. ಹೊರಗಿನಿಂದ ಪ್ಲೇಟ್‌ಲೆಟ್ ಏರಿಸಿದ ಮೇಲೂ ಮರುದಿನ 18,000 ಅಷ್ಟೇ. ಇದು ಔಷಧಿಯಿಂದ ಲಿವರ್‌ಗೆ ಆದ ತೊಂದರೆ ಅನ್ನುವ ಅನುಮಾನ ಅಲ್ಲಿ ನನಗೆ ಗಟ್ಟಿಯಾಯಿತು. ಸ್ಕ್ಯಾನಿನಲ್ಲಿ ಲಿವರ್ ಊದಿತ್ತು, ಹೊಟ್ಟೆಯಲ್ಲಿ ನೀರಿತ್ತು.

ಆಕ್ಟಿನೊಮೈಸಿನ್ ಕೆಲವು ಮಕ್ಕಳಲ್ಲಿ ಲಿವರ್‌ನೊಳಗಿನ ಸಣ್ಣ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ. ನಾಳ ಕಟ್ಟಿಕೊಂಡು ರಕ್ತ ಮುಂದೆ ಹೋಗದೆ ಲಿವರ್ ಊದುತ್ತದೆ, ಮೈ ನೀರು ಹಿಡಿಯುತ್ತದೆ, ಏರಿಸಿದ ಪ್ಲೇಟ್‌ಲೆಟ್ಟೂ ನಿಲ್ಲುವುದಿಲ್ಲ. ಕಾಮಾಲೆ ಆಮೇಲೆ ಬರಬಹುದು. ಅದನ್ನು ಕಾಯುತ್ತಾ ಕೂತರೆ ತಡವಾಗುತ್ತದೆ. ಎಳೆ ಕೂಸುಗಳಿಗೆ ಅಪಾಯ ಜಾಸ್ತಿ, ಅದಕ್ಕೇ ಅವರಿಗೆ ಡೋಸ್ ಕಡಿಮೆ. ಲಿವರ್ ಇರುವ ಬಲಗಡೆ ರೇಡಿಯೇಷನ್ ಆದವರಲ್ಲೂ ಜಾಸ್ತಿ.

ಬೆಂಗಳೂರಿನ ಡಾಕ್ಟರಿಗೆ ಆಗಲೇ ಫೋನ್ ಮಾಡಿದೆ. ಕೀಮೋ ನಿಲ್ಲಿಸಿದೆವು. ಕುಡಿಯುವುದು, ಡ್ರಿಪ್, ಮೂತ್ರ ಎಲ್ಲಕ್ಕೂ ಅಳತೆ. ನೀರಿಳಿಯಲು ಔಷಧಿ. ಲಿವರ್‌ಗೆ ಹೊರೆಯಾಗದಿರಲಿ ಅಂತ ಪ್ಯಾರಾಸಿಟಮಾಲ್ ಬಂದ್. ನಾಟಿ ಔಷಧಿ ಏನಾದರೂ ಕೊಟ್ಟಿದ್ದೀರಾ ಅಂತ ಮೆಲ್ಲಗೆ ಕೇಳಿದೆ. ಗದರಿಸಿ ಕೇಳಿದರೆ ಯಾರೂ ಹೇಳುವುದಿಲ್ಲ, ಅಲ್ವಾ? ಕೊಟ್ಟಿರಲಿಲ್ಲ. ಮೂರನೇ ದಿನ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕಳಿಸಿದೆ. ಎರಡು ವಾರಕ್ಕೆ ಹೊಟ್ಟೆ ಇಳಿಯಿತು. ಆಮೇಲೆ ಆಪರೇಷನ್ನೂ ಆಯಿತು.

ಆಕ್ಟಿನೊಮೈಸಿನ್ ಮತ್ತೆ ಶುರುವಾದದ್ದು ಅರ್ಧ ಡೋಸಿನಿಂದ. ಅಪ್ಪನಿಗೆ ಒಂದು ಕೆಲಸ ಹೇಳಿದ್ದೆ: ಎರಡು ವಾರ ದಿನಾ ಬೆಳಿಗ್ಗೆ, ತಿಂಡಿಗೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ, ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಬರೆದಿಡಿ. ತೂಕ ನೋಡಲಿ ಅಂತ ಊರಿನ ಅಂಗನವಾಡಿ ಟೀಚರ್ ಬಾಗಿಲು ಬೇಗ ತೆಗೆದು ಕೊಡುತ್ತಿದ್ದರು. ಒಂದು ದಿನ 300 ಗ್ರಾಂ ಹೆಚ್ಚು ಬಂತು. ಫೋನ್ ಮಾಡಿ ಮೊದಲ ಬಸ್ಸಿಗೇ ಹೊರಟು ಬಂದರು. ಆ ಸಲ ಹೊಟ್ಟೆ ಮೆತ್ತಗಿತ್ತು, ಪ್ಲೇಟ್‌ಲೆಟ್ ಸರಿಯಿತ್ತು. ಮಗು ನಿಜವಾಗಿಯೂ ಊಟ ಮಾಡಲು ಶುರು ಮಾಡಿತ್ತು.